ಪ್ರತಿಕ್ರಿಯೆ: ಒಂದೇ ಬೀಸುವ ಪದದ ಎರಡು ಪಾಠಗಳಲ್ಲಿ ಮೂಲ ಯಾವುದು?

ಒಂದೇ ಬೀಸುವ ಪದದ, ಅಂದರೆ ಕಾಳು ಬೀಸುವಾಗ ಹಾಡುವ ಹಾಡಿನ, ಎರಡು ಪಾಠಗಳಲ್ಲಿ (ರೂಪಗಳಲ್ಲಿ) ಮೂಲ ಯಾವುದೆಂದು ಕೇಳಿದ್ದೀರಿ. ನಿಮ್ಮ ತವರಿನಲ್ಲಿಯೂ ಅತ್ತೆಯವರ ಊರಿನಲ್ಲಿಯೂ ಸಿಕ್ಕ ಹಾಡು ಒಂದೇ ಆಗಿದ್ದು ಸಾಲುಗಳು ಬೇರೆಯಾಗಿರುವುದಕ್ಕೆ ಬಹುಮಟ್ಟಿಗೆ ಕಾರಣ, ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ಹಾಡನ್ನೂ ಒಯ್ದು, ಹೊಸ ಊರಿನ ದೇವರಿಗೆ, ಬೆಳೆಗೆ, ಮಾತಿನ ರೀತಿಗೆ ಅದನ್ನು ಹೊಂದಿಸಿಕೊಂಡದ್ದು. ಆದ್ದರಿಂದ ಒಂದು ಮೂಲ, ಇನ್ನೊಂದು ಕೆಟ್ಟ ಪ್ರತಿ ಎಂದು ಭಾವಿಸಬೇಡಿ. ಎರಡೂ ಈಗ ಉಳಿದಿಲ್ಲದ ಮತ್ತೊಂದು ಪಾಠದಿಂದ ಕವಲೊಡೆದಿರಬಹುದು.

ಮೊದಲು ಎರಡನ್ನೂ ಎದುರುಬದುರಾಗಿ, ಉಚ್ಚಾರಣೆಯನ್ನು ತಿದ್ದದೆ, ಸಾಲು ಸಾಲಾಗಿ ಬರೆದುಕೊಳ್ಳಿ. ಅನಂತರ ಹಾಡಿದವರು ಅದನ್ನು ಯಾರಿಂದ ಕಲಿತರು, ಕಲಿಸಿದವರ ತವರು ಯಾವುದು ಎಂದು ಕೇಳಿ ಅಲ್ಲಿ ಮೂರನೆಯ ಪಾಠವನ್ನು ಹುಡುಕಿ, ಏಕೆಂದರೆ ಎರಡನ್ನೇ ಹೋಲಿಸಿ ಯಾವ ಬದಲಾವಣೆ ಹೊಸದೆಂದು ತೀರ್ಮಾನಿಸುವುದು ಕಷ್ಟ. ಹೋಲಿಸುವಾಗ ಎಲ್ಲರೂ ಉಳಿಸಿಕೊಂಡ ಸಾಲುಗಳಿಗಿಂತ ಕೆಲವರಲ್ಲಿ ಮಾತ್ರ ಕಾಣುವ ವಿಚಿತ್ರ ಬದಲಾವಣೆಗಳು, ಅಂದರೆ ಅರ್ಥ ಕಳೆದುಕೊಂಡ ಶಬ್ದ ಅಥವಾ ಸ್ಥಾನ ತಪ್ಪಿದ ನುಡಿ, ಹೆಚ್ಚು ಬೆಲೆಯುಳ್ಳವು. ಒಂದೇ ತಪ್ಪು ಎರಡು ಕಡೆ ತಾನಾಗಿ ಹುಟ್ಟುವುದು ಅಪರೂಪ, ಆದ್ದರಿಂದ ಅದು ಎರಡು ಪಾಠಗಳಲ್ಲಿದ್ದರೆ ಅವು ಬಹುಶಃ ಒಂದೇ ಕವಲಿನವು. ನಾನು ಸಂಗ್ರಹಿಸಿದ ಸೋಬಾನೆ ಪದಗಳ ನಂಟು ತಿಳಿದದ್ದು ಇಂಥದೇ ಒಂದು ತಪ್ಪಿನಿಂದ. ಮಾನವಶಾಸ್ತ್ರಜ್ಞ ಜೇಮಿ ತೆಹ್ರಾನಿಯವರು 2013ರಲ್ಲಿ ಕೆಂಪು ಟೋಪಿಯ ಹುಡುಗಿಯ ಕಥೆಗೆ (ಲಿಟಲ್ ರೆಡ್ ರೈಡಿಂಗ್ ಹುಡ್) ಸಂಬಂಧಿಸಿದ 58 ಪಾಠಗಳನ್ನು, ಹೀಗೆ ಹಂಚಿಕೊಂಡ ಬದಲಾವಣೆಗಳಿಂದ ನಂಟು ಗುರುತಿಸುವ ಜೀವವಿಜ್ಞಾನದ ವಂಶವೃಕ್ಷ ವಿಧಾನದಿಂದಲೇ ವಿಂಗಡಿಸಿದರು.

ನಿಮ್ಮ ಅತ್ತೆಯವರ ಪಾಠದಲ್ಲಿರುವ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಅದು ಇಲ್ಲಿಗೆ ಬಂದದ್ದು ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆ ತಲುಪಿದ ಮೇಲೆ. ಆದರೆ ಅದು ಆ ಸಾಲಿನ ವಯಸ್ಸಿಗೆ ಮಾತ್ರ ಮಿತಿ ಹಾಕುತ್ತದೆ, ಇಡೀ ಹಾಡಿಗಲ್ಲ. ಮೆಣಸಿನಕಾಯಿ ಅನಂತರ ಸೇರಿದ್ದಿರಬಹುದು, ಆದ್ದರಿಂದ ಅದೇ ಜಾಗದಲ್ಲಿ ಕರಿಮೆಣಸು ಇದೆಯೇ ಎಂದು ಮೂರನೆಯ ಪಾಠದಲ್ಲಿ ಮೊದಲು ನೋಡಿ.