ಓದುಗರ ಪ್ರಶ್ನೋತ್ತರ: ಐದು ರೂಪಾಯಿಯ ಪೊಟ್ಟಣ ಏಕೆ ಹಗುರವಾಯಿತು?

ದೊಡ್ಡ ಕಂಪನಿಗಳು ತಮ್ಮ ವ್ಯಾಪಾರದ ಅನುಕೂಲಕ್ಕೆಂದು ಕೈಗೊಳ್ಳುವ ತೀರ್ಮಾನಗಳು ನಿಮ್ಮ ಮನೆ ಬಾಗಿಲಿಗೆ ಹೇಗೆ ಬಂದು ತಲುಪಿವೆ ಎಂಬುದನ್ನು ಬರೆಯಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಶಿವಮೊಗ್ಗ ಜಿಲ್ಲೆಯವೇ ಹೆಚ್ಚಾಗಿದ್ದುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಹೋದ ಮಳೆಗಾಲದಲ್ಲಿ ನಮ್ಮ ಊರಿನ ಹಿರಿಯರೊಬ್ಬರು, ಡಬ್ಬದ ತಳದಲ್ಲಿ ಉಳಿದಿದ್ದ ಹಳೆಯ ಬಿಸ್ಕತ್ತಿನ ಪೊಟ್ಟಣವನ್ನೂ ನನ್ನಿಂದ ಆಗಷ್ಟೇ ಕೊಂಡ ಹೊಸದನ್ನೂ ತಂದು ನನ್ನ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟರು. ಹಳೆಯದು ಕೆಳಗಿಳಿಯಿತು, ಹೊಸದು ಮೇಲೆ ನಿಂತಿತು. ‘ಎಂತದೋ ತಮ್ಮ, ಬಿಸ್ಕತ್ತಲ್ಲೂ ಕೈಯಾಡ್ಸಕ್ಕೆ ಶುರು ಮಾಡಿದ್ಯನ?’ ಎಂದು ಕೇಳಿದರು. ಕಂಪನಿ ಮಾಡಿದ ಕೆಲಸಕ್ಕೆ ನಾನು ತಲೆ ತಗ್ಗಿಸಬೇಕಾಯಿತು. ಬೆಲೆಯನ್ನೇ ನೇರವಾಗಿ ಏರಿಸಲು ಇವರಿಗೇನು ಕಷ್ಟ?

ಉತ್ತರ: ಕಷ್ಟ ಇರುವುದು ನಾಣ್ಯದಲ್ಲಿ. ಹಳ್ಳಿಯ ಅಂಗಡಿಯಲ್ಲಿ ಬಿಸ್ಕತ್ತು, ಚಹಾಪುಡಿ, ಶಾಂಪೂ ಮುಂತಾದವು ಹೆಚ್ಚಾಗಿ ಮಾರಾಟವಾಗುವುದು ಒಂದು, ಎರಡು, ಐದು, ಹತ್ತು ರೂಪಾಯಿಗಳ ಪೊಟ್ಟಣಗಳಲ್ಲಿ. ಮಗುವಿನ ಕೈಗೆ ಐದು ರೂಪಾಯಿಯ ನಾಣ್ಯ ಕೊಟ್ಟು ಕಳಿಸಿದರೆ ಸಾಮಾನು ಬರಬೇಕು, ಚಿಲ್ಲರೆಯ ಜಗಳ ಇರಬಾರದು. ಅದೇ ಪೊಟ್ಟಣಕ್ಕೆ ಆರು ರೂಪಾಯಿ ಎಂದ ದಿನವೇ ಗ್ರಾಹಕ ಐದು ರೂಪಾಯಿಗೆ ಸಿಗುವ ಪಕ್ಕದ ಕಂಪನಿಯ ಪೊಟ್ಟಣಕ್ಕೆ ಕೈ ಹಾಕುತ್ತಾನೆ ಎಂಬುದು ಕಂಪನಿಗಳಿಗೆ ಅನುಭವದಿಂದ ಗೊತ್ತು. ಗೋಧಿ, ಸಕ್ಕರೆ, ತಾಳೆ ಎಣ್ಣೆಗಳ ಬೆಲೆ ಏರಿದಾಗ ಅವು ಬೆಲೆಯನ್ನು ಮುಟ್ಟದೆ ತೂಕವನ್ನು ಮುಟ್ಟುವುದು ಇದೇ ಕಾರಣಕ್ಕೆ. ನಿವ್ವಳ ತೂಕವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ ಕಾನೂನಿನ ಪ್ರಕಾರ ಅದು ತಪ್ಪಲ್ಲ.

ಕಾನೂನಿಗೆ ತಪ್ಪಲ್ಲದ್ದು ಹಿರಿಯರ ಕಣ್ಣಿಗೆ ಕಳ್ಳತನವಾಗಿ ಕಂಡದ್ದೇಕೆ ಎಂಬುದನ್ನು ಕಂಪನಿಗಳು ಯೋಚಿಸಬೇಕು. ಪೊಟ್ಟಣದ ಬಣ್ಣ, ಚಿತ್ರ, ಅಗಲ ಎಲ್ಲವೂ ಹಿಂದಿನಂತೆಯೇ ಇದ್ದು, ತೂಕದ ಅಂಕಿ ಮಾತ್ರ ಕನ್ನಡಕ ಹಾಕಿಕೊಂಡು ಹುಡುಕುವ ಮೂಲೆಯಲ್ಲಿ ಬದಲಾಗಿದ್ದರೆ, ‘ನಾವು ತಿಳಿಸಿದ್ದೇವೆ’ ಎಂಬ ಮಾತು ಅರ್ಧ ಸತ್ಯ. ಇದಕ್ಕೆ ಪ್ರತಿಯಾಗಿ ನಮ್ಮ ನಂದಿನಿ ಹಾಲಿನ ಉದಾಹರಣೆಯನ್ನು ನೋಡಿ. ಹಾಲು ಮಹಾಮಂಡಳವು 2024ರ ಜೂನ್ 26ರಿಂದ ಅರ್ಧ ಲೀಟರ್ ಮತ್ತು ಒಂದು ಲೀಟರ್ ಪೊಟ್ಟಣಗಳಿಗೆ ತಲಾ 50 ಮಿಲಿಲೀಟರ್ ಹಾಲು ಸೇರಿಸಿ ಬೆಲೆಯನ್ನು 2 ರೂಪಾಯಿ ಏರಿಸಿತು. ಕೇಳದೇ ಇದ್ದ ಹಾಲನ್ನು ಕೊಟ್ಟು ದುಡ್ಡು ಕೇಳುತ್ತಾರೆಂದು ಜನ ಗೊಣಗಿದರು, ವಿರೋಧ ಪಕ್ಷಗಳೂ ಕೂಗಾಡಿದವು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿ, ಹೆಚ್ಚುವರಿ 50 ಮಿಲಿಲೀಟರನ್ನು ತೆಗೆದು ಹಳೆಯ ಅಳತೆಗೆ ಮರಳಿದಾಗ ಗೊಣಗಾಟ ಇನ್ನೂ ಹೆಚ್ಚಾಯಿತು. ಆದರೆ ಈ ಎರಡೂ ಸಲ ಗಲಾಟೆ ನಡೆದದ್ದು ಬಹಿರಂಗವಾಗಿ ಪ್ರಕಟಿಸಿದ ತೀರ್ಮಾನದ ಮೇಲೆ. ಬೆಳಗ್ಗೆ ಹಾಲು ಹಾಕುವ ಹುಡುಗನನ್ನು ಯಾರೂ ಕಳ್ಳನೆಂದು ಕರೆಯಲಿಲ್ಲ. ಬಹಿರಂಗವಾಗಿ ಬೈಸಿಕೊಳ್ಳುವ ಧೈರ್ಯ ಮಾಡಿದ ಸಂಸ್ಥೆ ತನ್ನ ಮಾರಾಟಗಾರನ ಮಾನವನ್ನಾದರೂ ಉಳಿಸುತ್ತದೆ ಎಂಬುದು ನನ್ನ ಎಣಿಕೆ.

ಇದೇ ನಾಣ್ಯದ ತೊಡಕು ಬೆಲೆ ಇಳಿಯುವಾಗಲೂ ಬಂತು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಾಗ, ಐದು ರೂಪಾಯಿಯ ಪೊಟ್ಟಣವನ್ನು ನಾಲ್ಕೂವರೆಗೆ ಮಾರುವುದು ಹೇಗೆ, ಐವತ್ತು ಪೈಸೆಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದ್ದು, ಹಲವು ಕಂಪನಿಗಳು ಸಣ್ಣ ಪೊಟ್ಟಣಗಳ ತೂಕವನ್ನೇ ಹೆಚ್ಚಿಸುವ ದಾರಿ ಹಿಡಿದವು. ತೂಕ ಹೆಚ್ಚಾದಾಗ ಅದನ್ನು ಪೊಟ್ಟಣದ ಮುಂಭಾಗದಲ್ಲೇ ದಪ್ಪ ಅಕ್ಷರಗಳಲ್ಲಿ ಸಾರುವ ಕಂಪನಿಗಳು ಕಡಿಮೆಯಾದಾಗಲೂ ಅದೇ ಜಾಗವನ್ನು ಬಳಸಬಾರದೇಕೆ? ನಿಮಗೊಂದು ಸಲಹೆ: ಪೊಟ್ಟಣಗಳ ಮೇಲೆ ಗರಿಷ್ಠ ಬೆಲೆಯ ಜೊತೆಗೆ ಗ್ರಾಮಿಗೆ ಎಷ್ಟು ಬಿತ್ತು ಎಂಬ ಬಿಡಿ ದರವನ್ನೂ ಅಚ್ಚು ಹಾಕಬೇಕೆಂಬ ನಿಯಮ ಈಗ ಇದೆ. ಮುಂದಿನ ಸಲ ತೂಕ ಬದಲಾದಾಗ ಆ ದರವನ್ನು ಸೀಮೆಸುಣ್ಣದಲ್ಲಿ ಬರೆದು ಅಂಗಡಿಯ ಹಲಗೆಗೆ ಹಾಕಿ, ಹಿರಿಯರನ್ನು ಕರೆದು ತೋರಿಸಿ.

ಪ್ರಶ್ನೆ: ನಾನು ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆಯವಳು. ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡಬೇಕಾದಾಗ ತೋಟದ ಮೇಲಿನ ದಿಣ್ಣೆ ಹತ್ತಿ ಸಿಗ್ನಲ್ ಹುಡುಕುತ್ತೇನೆ. 2024ರಲ್ಲಿ ಮೊಬೈಲ್ ದರ ಏರಿದಾಗ ಎಲ್ಲರೂ ಸಿಟ್ಟಿನಿಂದ ಸಿಮ್ ಬದಲಿಸಿದರು, ಈಗ ಯಾರೂ ಆ ಮಾತನ್ನೇ ಆಡುವುದಿಲ್ಲ. ಗ್ರಾಹಕರ ಸಿಟ್ಟಿನಿಂದ ಇಂಥ ಕಂಪನಿಗಳಿಗೆ ನಿಜವಾಗಿ ಏನಾದರೂ ಆಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ನಾವು ಬಯಸಿದಷ್ಟು ಆಗುವುದಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದರಂತೆ ದರ ಏರಿಸಿದವು. ಜಿಯೋದಲ್ಲಿ 28 ದಿನಗಳಿಗೆ 239 ರೂಪಾಯಿ ಇದ್ದ ರೀಚಾರ್ಜ್ 299 ಆಯಿತು. ಆ ಒಂದೇ ತಿಂಗಳಲ್ಲಿ ಮೂರೂ ಕಂಪನಿಗಳು ಚಂದಾದಾರರನ್ನು ಕಳೆದುಕೊಂಡವು, ದರ ಏರಿಸದ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಹೊಸ ಚಂದಾದಾರರು ಸಿಕ್ಕಿದರು. ವರ್ಷಗಳಿಂದ ಜನ ಮರೆತಂತಿದ್ದ ಒಂದು ಹೆಸರಿಗೆ ಜಾಹೀರಾತಿನ ಖರ್ಚಿಲ್ಲದೆ ಮರುಜೀವ ಬಂದದ್ದು ಎದುರಾಳಿಗಳ ತೀರ್ಮಾನದಿಂದ.

ಆದರೆ ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನೂ ತಿರುಗಿಸಬೇಕು. ಏರ್‌ಟೆಲ್‌ಗೆ ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಬರುತ್ತಿದ್ದ ಆದಾಯ ದರ ಏರಿಕೆಗೆ ಮೊದಲಿನ ತ್ರೈಮಾಸಿಕದಲ್ಲಿ 211 ರೂಪಾಯಿ ಇದ್ದದ್ದು ಮುಂದಿನ ತ್ರೈಮಾಸಿಕದಲ್ಲಿ 233 ರೂಪಾಯಿ ಆಯಿತು. ಹೋದವರು ಹೋದರೂ ಉಳಿದವರಿಂದ ಬಂದದ್ದು ಹೆಚ್ಚು. ಇತ್ತ ಬಿಎಸ್‌ಎನ್‌ಎಲ್‌ಗೆ ಸೇರಿದವರಲ್ಲಿ ಅನೇಕರಿಗೆ 4ಜಿ ಸಿಗಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಹರಿವು ಹಿಮ್ಮುಖವಾಗಿ, ಆ ಸಂಸ್ಥೆಯೂ ಚಂದಾದಾರರನ್ನು ಕಳೆದುಕೊಳ್ಳತೊಡಗಿತು. ಸಿಟ್ಟಿನಿಂದ ಬಂದ ಗ್ರಾಹಕ ಸೌಕರ್ಯ ಇದ್ದರೆ ಮಾತ್ರ ನಿಲ್ಲುತ್ತಾನೆ.

ನಿಮ್ಮ ದಿಣ್ಣೆಯ ವಿಷಯ ಇನ್ನೂ ಬೇರೆ. ಶಿವಮೊಗ್ಗ ಪೇಟೆಯವರು ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಲ್ಲರು, ಆ ಸೌಲಭ್ಯ ದೇಶದಾದ್ಯಂತ 2011ರಿಂದಲೂ ಇದೆ. ಆದರೆ ಒಂದೇ ಟವರಿನ ಗಾಳಿ ಬೀಸುವ ಊರಿನಲ್ಲಿ ಅದರಿಂದ ಏನು ಪ್ರಯೋಜನ? ಹತ್ತು ಮನೆಗಳಿಗೆ ಒಂದು ಗುಡ್ಡ ಅಡ್ಡ ಬರುವ ಮಲೆನಾಡಿನಲ್ಲಿ ಟವರ್ ಹಾಕುವ ಖರ್ಚು ಹೆಚ್ಚು, ಬರುವ ಆದಾಯ ಕಡಿಮೆ ಎಂಬುದು ಕಂಪನಿಗಳ ಲೆಕ್ಕ. ಆ ಲೆಕ್ಕ ಸುಳ್ಳಲ್ಲವಾದರೂ ‘ದೇಶದ ಮೂಲೆ ಮೂಲೆಗೂ’ ಎಂದು ಜಾಹೀರಾತಿನಲ್ಲಿ ಹಾಡುವವರು ನಿಮ್ಮ ಮೂಲೆಯನ್ನು ಯಾವ ನಕ್ಷೆಯಲ್ಲಿ ಬಿಟ್ಟರೋ ತಿಳಿಯದು. ಹೋಗಲು ಬೇರೆ ಜಾಗವಿಲ್ಲದ ಗ್ರಾಹಕನ ಬೇಸರ ಯಾವ ಕಂಪನಿಯ ವರದಿಯಲ್ಲೂ ನಷ್ಟದ ಅಂಕಿಯಾಗಿ ಬರುವುದಿಲ್ಲ, ಆದ್ದರಿಂದ ಅದನ್ನು ನೀವು ಗ್ರಾಮ ಪಂಚಾಯಿತಿಯ ನಿರ್ಣಯವಾಗಿ ಬರೆಸಿ ಮೇಲಕ್ಕೆ ಕಳಿಸುವುದೇ ಸರಿ.

ಪ್ರಶ್ನೆ: ಮೈಸೂರು ಸ್ಯಾಂಡಲ್ ಸೋಪಿಗೆ ಹೊರಗಿನ ತಾರೆಯನ್ನು ರಾಯಭಾರಿ ಮಾಡಿದ್ದು ಸರಿಯೇ? (ಶಿವಮೊಗ್ಗದ ಓದುಗರು)

ಉತ್ತರ: 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ, ರಾಜ್ಯದ ಹೊರಗೆ ಮಾರುಕಟ್ಟೆ ಬೆಳೆಸಲು ಹೀಗೆ ಮಾಡಿದ್ದೇವೆಂದು ಸರ್ಕಾರ ಕಾರಣ ಕೊಟ್ಟಿತು. ವ್ಯಾಪಾರದ ಮಾತಾಗಿ ಅದು ಒಪ್ಪತಕ್ಕದ್ದೇ. ಆದರೆ ಈ ಸೋಪನ್ನು ಜನ ಸೋಪು ಎಂದಷ್ಟೇ ಕೊಳ್ಳುವುದಿಲ್ಲ. ನಿಮ್ಮ ಊರಿನಲ್ಲೇ 1944ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಮಲೆನಾಡಿನ ಶ್ರೀಗಂಧಕ್ಕೂ ಆ ಹೆಸರಿಗೂ ನಂಟಿದೆ. ಹೊಸ ಗ್ರಾಹಕನನ್ನು ಕರೆಯುವ ಮೊದಲು ಹಳೆಯವನಿಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಒಮ್ಮೆ ಹೆಸರು ಕೆಟ್ಟ ಕಂಪನಿ ಮತ್ತೆ ಗ್ರಾಹಕರ ವಿಶ್ವಾಸ ಗಳಿಸಿದ ಉದಾಹರಣೆಗಳಿವೆಯೇ?

ಉತ್ತರ: ಇವೆ, ಮತ್ತು ಅವುಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು. 1982ರಲ್ಲಿ ಅಮೆರಿಕದ ಶಿಕಾಗೊ ಸುತ್ತಮುತ್ತ, ಟೈಲೆನಾಲ್ ಎಂಬ ನೋವಿನ ಗುಳಿಗೆಗೆ ಯಾರೋ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ಕಾರ್ಖಾನೆಯಲ್ಲಿ ತಪ್ಪು ನಡೆದಿರಲಿಲ್ಲ; ವಿಷ ಸೇರಿದ್ದು ಅಂಗಡಿಗಳ ಮಟ್ಟದಲ್ಲಿ. ಆದರೂ ಜಾನ್ಸನ್ ಆಂಡ್ ಜಾನ್ಸನ್ ಕಂಪನಿ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆದು, ಅದೇ ವರ್ಷ ಬಿಚ್ಚಿದರೆ ಗೊತ್ತಾಗುವಂಥ ಮೊಹರಿನ ಬಾಟಲಿಯೊಂದಿಗೆ ಮರಳಿ ಬಂದಿತು.

ಎರಡನೆಯದು ನೀವು ಬಾಲ್ಯದಲ್ಲಿ ಕಂಡದ್ದೇ. 2015ರಲ್ಲಿ ಮ್ಯಾಗಿಯಲ್ಲಿ ಸೀಸದ ಅಂಶ ಮಿತಿಗಿಂತ ಹೆಚ್ಚಿದೆಯೆಂಬ ವರದಿ ಉತ್ತರ ಪ್ರದೇಶದಿಂದ ಹೊರಬಿದ್ದಾಗ, ನೆಸ್ಲೆ ಕಂಪನಿ ಮೊದಲ ಕೆಲವು ವಾರ ‘ನಮ್ಮ ಪರೀಕ್ಷೆಯಲ್ಲಿ ಸರಿಯಾಗಿದೆ’ ಎಂಬ ಪ್ರಯೋಗಾಲಯದ ಭಾಷೆಯಲ್ಲೇ ಮಾತಾಡಿತು. ಕಾನೂನಿನ ದೃಷ್ಟಿಯಲ್ಲಿ ಅದರ ವಾದಕ್ಕೆ ಬಲವಿತ್ತು. ಜೂನ್ 5ರ ನಿಷೇಧವನ್ನು ಬಾಂಬೆ ಹೈಕೋರ್ಟ್ ಆಗಸ್ಟ್ 13ರಂದು ರದ್ದುಪಡಿಸಿ ಮರುಪರೀಕ್ಷೆಗೆ ಹೇಳಿತು, ಮಾದರಿಗಳು ಪಾಸಾದವು, ನವೆಂಬರಿನಲ್ಲಿ ಹಳದಿ ಪೊಟ್ಟಣ ಮರಳಿ ಅಂಗಡಿಗೆ ಬಂತು. ಆದರೆ ಮಕ್ಕಳಿಗೆ ಅದನ್ನು ಬೇಯಿಸಿ ಹಾಕಿದ್ದ ತಾಯಂದಿರಿಗೆ ಆ ಮೊದಲ ವಾರಗಳಲ್ಲಿ ಬೇಕಾಗಿದ್ದದ್ದು ಅಂಕಿಗಳಲ್ಲ, ತಮ್ಮ ಭಯಕ್ಕೆ ಒಂದು ಉತ್ತರ. ಇಲ್ಲಿ ಕಂಪನಿ ಪ್ರಯೋಗಾಲಯದಲ್ಲಿ ಗೆದ್ದರೂ ಅಡುಗೆಮನೆಯಲ್ಲಿ ಕೆಲವು ತಿಂಗಳು ಸೋತಿತ್ತು.

ಪುಸ್ತಕ ಬದಿಗಿಟ್ಟು ಒಂದು ಬೆಳಗ್ಗೆ ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿ ಬನ್ನಿ. ರಾಶಿ ಇಡಿ ಎಂಬ ಹೆಚ್ಚು ಬೆಲೆಯ ಅಡಿಕೆಯ ಚೀಲದ ತಳದಲ್ಲಿ ಗೊರಬಲು ಎಂಬ ಕಡಿಮೆ ದರ್ಜೆಯದನ್ನು ತುಂಬಿ ಒಮ್ಮೆ ಸಿಕ್ಕಿಬಿದ್ದ ಬೆಳೆಗಾರನ ಚೀಲವನ್ನು ಮುಂದಿನ ವರ್ಷವೂ ವರ್ತಕರು ಮೇಲಿನಿಂದ ನೋಡುವುದಿಲ್ಲ; ತೋಳು ಮುಳುಗುವವರೆಗೆ ಕೈ ಇಳಿಸಿ, ತಳದ ಕಾಯಿಯನ್ನು ಹಿಡಿದು ತೆಗೆದು, ಕತ್ತರಿಸಿ ನೋಡುತ್ತಾರೆ. ಆ ವರ್ಷದ ಅಡಿಕೆ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪದು.

ಪ್ರಶ್ನೆ: ನಾನು ಸಾಗರದ ನಿವೃತ್ತ ಶಿಕ್ಷಕ. ತೀರಿಕೊಂಡ ನಮ್ಮ ತಂದೆಯವರ ಪೆಟ್ಟಿಗೆಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಠೇವಣಿ ರಸೀದಿಯೊಂದು ಸಿಕ್ಕಿದೆ. ಬ್ಯಾಂಕೇ ಈಗ ಇಲ್ಲ. ಹಳೆಯ ಹೆಸರುಗಳನ್ನು ಹೀಗೆ ಅಳಿಸುವಾಗ ಗ್ರಾಹಕರನ್ನು ಯಾರೂ ಕೇಳುವುದಿಲ್ಲವೇ?

ಉತ್ತರ: ಕೇಳುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಳಜಿಯಿಂದ 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಅದೇ ದಾರಿ ಹಿಡಿದವು. ದೊಡ್ಡ ಬಂಡವಾಳ, ಕಡಿಮೆ ಖರ್ಚು ಎಂಬ ಕಾರಣಗಳನ್ನು ಮುಂಚಿತವಾಗಿಯೇ ತಿಳಿಸಲಾಗಿತ್ತು, ಆ ಮಟ್ಟಿಗೆ ಯಾವ ಮುಚ್ಚುಮರೆಯೂ ಇರಲಿಲ್ಲ. ಆದರೂ ಕರಾವಳಿ ಮತ್ತು ಮಲೆನಾಡಿನ ಜನರಿಗೆ ನೋವಾಯಿತು. 1985ರಲ್ಲಿ ಕೋಕಾ ಕೋಲಾ ಕಂಪನಿ ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ, ಹೊಸದೇ ಚೆನ್ನಾಗಿದೆ ಎನ್ನಿಸಿಕೊಂಡು ಹಳೆಯ ಪಾನೀಯವನ್ನು ನಿಲ್ಲಿಸಿದಾಗಲೂ ಹೀಗೆಯೇ ಆಗಿತ್ತು; ಹಳೆಯದು ಇಲ್ಲವಾದರೆ ಹೇಗೆನಿಸುತ್ತದೆ ಎಂಬುದನ್ನು ಅವರು ಸರಿಯಾಗಿ ಅಳೆದಿರಲಿಲ್ಲ. ಕರೆಗಳ ಮಳೆ ಸುರಿದು, 79 ದಿನಗಳಲ್ಲಿ ಹಳೆಯದನ್ನು ಮರಳಿ ತಂದರು. ಬ್ಯಾಂಕಿನ ಹೆಸರಿಗೆ ಅಂಥ ಭಾಗ್ಯವಿಲ್ಲ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆ ಮನೆಗೆ ಹೋಗಿ ಎರಡಾಣೆ ಸಂಗ್ರಹಿಸಲು ಆರಂಭಿಸಿದ ‘ಪಿಗ್ಮಿ’ ಮಾತ್ರ ಉಳಿದಿದೆ. ಯಾವ ಸಹಕಾರ ಸಂಘದವನು ಸಂಜೆ ಬಂದರೂ ನಿಮ್ಮ ಪೇಟೆಯ ಅಂಗಡಿಯವರು ಅವನನ್ನು ಪಿಗ್ಮಿಯವನು ಎಂದೇ ಕರೆಯುತ್ತಾರಲ್ಲವೇ?

ಇನ್ನು ರಸೀದಿಯ ವಿಷಯ. ಆ ಹಣಕ್ಕೆ ಈಗ ಭಾರತೀಯ ಸ್ಟೇಟ್ ಬ್ಯಾಂಕು ಹೊಣೆ. ಅವಧಿ ಮುಗಿದು ಹತ್ತು ವರ್ಷ ಕಳೆದಿದ್ದರೆ ಹಣವು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರಬಹುದು, ಆದರೂ ವಾರಸುದಾರರ ಹಕ್ಕು ಕಳೆದುಹೋಗುವುದಿಲ್ಲ. ಬೇಡಿಕೆಯನ್ನು ಅದೇ ಬ್ಯಾಂಕಿಗೆ ಸಲ್ಲಿಸಬೇಕು. ರಸೀದಿಯ ಎರಡೂ ಬದಿಯ ನಕಲು, ತಂದೆಯವರ ಮರಣ ಪ್ರಮಾಣಪತ್ರ ಮತ್ತು ನಿಮ್ಮ ಗುರುತಿನ ಚೀಟಿಯೊಂದಿಗೆ ಶಾಖೆಗೆ ಹೋಗಿ, ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳಿ. ಮೂಲ ರಸೀದಿಯನ್ನು ಸ್ವೀಕೃತಿ ಪತ್ರ ಪಡೆಯದೆ ಕೌಂಟರಿನಲ್ಲಿ ಬಿಟ್ಟು ಬರಬೇಡಿ.