ಸಂಪಾದಕರ ಉತ್ತರ: ಬೆಲೆ ಚೀಟಿ ಕಿತ್ತ ಸೀರೆಯೂ ನಿಮ್ಮ ಸಂಘದ ಫಾರಮ್ಮೂ

ಓದುಗರ ಪತ್ರ: ಸ್ವಾಮಿ, ನಮ್ಮದು ರಿಂಗ್ ರಸ್ತೆಯ ಆಚೆ, ಹೂಟಗಳ್ಳಿ ನಗರಸಭೆಗೆ ಸೇರಿದ ಬಡಾವಣೆ. ಕಳೆದ ತಿಂಗಳು ನಿವಾಸಿಗಳ ಸಂಘದ ಹುಡುಗರು ಮನೆಮನೆಗೆ ಒಂದು ಫಾರಂ ಹಂಚಿದರು. ನೀರು, ಕಸ, ಒಳಚರಂಡಿ, ಪಾರ್ಕು, ಬೀದಿದೀಪ, ಒಂದೊಂದಕ್ಕೂ 'ತೃಪ್ತಿ ಇದೆ', 'ಇಲ್ಲ' ಎಂದು ಗುರುತು ಹಾಕಬೇಕು. ಕೊನೆಗೆ 'ಸೌಲಭ್ಯ ಸುಧಾರಿಸಲು ತೆರಿಗೆ ಏರಿಸಬಹುದೇ?' ಎಂಬ ಪ್ರಶ್ನೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಹಾಗಾಗಿ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುವ ಕೆಲಸ ನನ್ನ ತಲೆಗೇ ಬಂತು. ಎಲ್ಲರಿಗೂ ಎಲ್ಲವೂ ಬೇಕು. ತೆರಿಗೆ ಮಾತ್ರ ಒಂದು ರೂಪಾಯಿ ಜಾಸ್ತಿ ಆಗಬಾರದು. ಇಂಥವರ ಅಭಿಪ್ರಾಯ ಕೇಳಿ ಏನು ಪ್ರಯೋಜನ? ಅಧಿಕಾರಿಗಳು, ಇಂಜಿನಿಯರುಗಳು ತೀರ್ಮಾನ ಮಾಡಲಿ. ಹಿಂದೆ ಮೈಸೂರು ಕಟ್ಟಿದವರು ಜನರನ್ನು ಕೇಳಿ ಕಟ್ಟಿದರೇ? ನಾನಂತೂ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ಶೇ 5 ರಿಯಾಯಿತಿ ತೆಗೆದುಕೊಂಡೆ, ನನ್ನ ಹಾಗೆ ಎಲ್ಲರೂ ಕಟ್ಟಲಿ. (ಹೆಸರು ಹಾಕಬೇಡಿ. ಪಕ್ಕದ ಮನೆಯವರೂ ನಿಮ್ಮ ಪತ್ರಿಕೆ ಓದುತ್ತಾರೆ.)

ಉತ್ತರ: ಹೆಸರು ಹಾಕಿಲ್ಲ ಸ್ವಾಮಿ. ಪಕ್ಕದ ಮನೆಯವರೂ ಓದುತ್ತಾರೆ ಎಂಬ ಒಂದು ಸಾಲು ಸಾಕಾಯಿತು, ನಿಮ್ಮ ಪತ್ರ ಮೇಲೆ ಬರುವುದಕ್ಕೆ. ಅವರು ಚಂದಾ ಕಟ್ಟಿ ಓದುತ್ತಾರೋ, ನಿಮ್ಮ ಪ್ರತಿ ಇಸಿದುಕೊಂಡು ಓದುತ್ತಾರೋ ಅಂತ ನಾನು ಕೇಳುವುದಿಲ್ಲ.

ನಿಮ್ಮ ಮಾತಿನಲ್ಲಿ ಒಂದಿಷ್ಟು ನಿಜ ಇದೆ. ಒಳಚರಂಡಿ ಪೈಪು ಎಷ್ಟು ಅಗಲ ಇರಬೇಕು, ಇಳಿಜಾರು ಯಾವ ಕಡೆ ಕೊಡಬೇಕು ಅನ್ನುವುದನ್ನು ಜನರ ಕೈ ಎತ್ತಿಸಿ ತೀರ್ಮಾನಿಸುವುದಕ್ಕೆ ಆಗುವುದಿಲ್ಲ. 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾದಾಗ ಪ್ಲೇಗಿನ ಭಯ ಇನ್ನೂ ಆರಿರಲಿಲ್ಲ. ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕೊಳಕು ಸಾಗಿಸುವುದಕ್ಕೆ ಬಿಟ್ಟ ಕನ್ಸರ್ವೆನ್ಸಿ ಓಣಿ, ಇವೆಲ್ಲ ಬಲ್ಲವರ ನಕ್ಷೆಯಿಂದಲೇ ಬಂದವು. ಹಳೇ ಬಡಾವಣೆಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋದರೆ ಆ ನಕ್ಷೆ ಬರೆದ ಕೈಗೆ ನಮಸ್ಕಾರ ಹಾಕೋಣ ಅನ್ನಿಸುತ್ತದೆ. ಸರಿ, ನಿಮಗೆ ಕೊಡಬೇಕಾದ ಅಂಕ ಕೊಟ್ಟಾಯಿತು. ಇನ್ನು ನನ್ನ ಸರದಿ.

ಆ ಬೋರ್ಡಿಗೂ 22 ವರ್ಷ ಮೊದಲು, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಇದೇ ಊರಿಗೆ, ದಸರೆಯ ಹೊತ್ತಿಗೆ, 144 ಜನ. ರೈತರು, ವ್ಯಾಪಾರಿಗಳು. ಅವರನ್ನು ಜನ ಓಟು ಹಾಕಿ ಆರಿಸಿದ್ದಲ್ಲ, ಅವರಿಗೆ ಯಾವುದನ್ನೂ ಬೇಡ ಅನ್ನುವ ಅಧಿಕಾರವೂ ಇರಲಿಲ್ಲ, ನಿಜ. ಆದರೆ ಅಲ್ಲಿ ನಡೆದ ಕ್ರಮ ನೋಡಿ. ಹೋದ ವರ್ಷ ಆಡಳಿತದಲ್ಲಿ ಏನೇನಾಯಿತು, ಬರುವ ವರ್ಷ ಏನು ಮಾಡಬೇಕು ಅಂತಿದ್ದೇವೆ ಎನ್ನುವುದನ್ನು ದಿವಾನರು ಮೊದಲು ಅವರ ಮುಂದೆ ಇಟ್ಟರು. ಕಷ್ಟಸುಖ ಕೇಳಿದ್ದು ಆಮೇಲೆ. ಟೌನ್‌ಹಾಲ್ ಅಂತ ನಾವು ಕರೆಯುವ ಕಟ್ಟಡ ಆ ದಿವಾನರ ನೆನಪಿಗೆ ಕಟ್ಟಿದ್ದು. ಅದರ ಮುಂದೆ ನೀವು ಎಷ್ಟು ಸಾವಿರ ಸಲ ಹಾದು ಹೋಗಿದ್ದೀರೋ! ಅಂಥಾ ಊರಲ್ಲಿ ಇದ್ದುಕೊಂಡು 'ಜನರನ್ನು ಕೇಳಿ ಏನು ಪ್ರಯೋಜನ' ಅಂತೀರಲ್ಲ.

ಈಗ ನಿಮ್ಮ ಫಾರಂಗೆ ಬರೋಣ. ಸೀರೆ ಅಂಗಡಿಯಲ್ಲಿ ಬೆಲೆ ಚೀಟಿಯನ್ನೆಲ್ಲ ಕಿತ್ತು, ಜಮಖಾನದ ಮೇಲೆ ಇಪ್ಪತ್ತು ಸೀರೆ ಹರಡಿ, ಯಾವುದು ಬೇಕಮ್ಮಾ ಅಂತ ಕೇಳಿದರೆ ಯಾರು ತಾನೆ ನೂಲಿನ ಸೀರೆ ಎತ್ತಿಕೊಳ್ಳುತ್ತಾರೆ? ಎಲ್ಲರೂ ಮೈಸೂರು ಸಿಲ್ಕಿಗೇ ಕೈ ಹಾಕುತ್ತಾರೆ. ಆಮೇಲೆ ಅಂಗಡಿಯವನು 'ಅಬ್ಬಾ, ಈ ಹೆಂಗಸರಿಗೆ ಏನು ಆಸೆ' ಅಂದರೆ ನ್ಯಾಯವಾ? ನಿಮ್ಮ ಹುಡುಗರು ಮಾಡಿದ್ದು ಅದೇ. ಬೀದಿದೀಪದ ಕರೆಂಟಿಗೆ ಸೆಸ್ಕ್‌ಗೆ ವರ್ಷಕ್ಕೆ ಎಷ್ಟು ಹೋಗುತ್ತದೆ, ಕಸದ ಆಟೋಗಳಿಗೆ ಎಷ್ಟು, ಪಾರ್ಕಿನ ಹುಲ್ಲು ಕತ್ತರಿಸುವುದಕ್ಕೆ ಎಷ್ಟು ಅಂತ ಫಾರಮ್ಮಿನಲ್ಲಿ ಒಂದು ಸಾಲೂ ಇಲ್ಲ. ತೆರಿಗೆ ಏರಿಸಿದರೆ ಆ ದುಡ್ಡು ಯಾವುದಕ್ಕೆ ಅನ್ನುವುದೂ ಇಲ್ಲ. ಬ್ಯಾಂಕಿನಲ್ಲಿ ಇದ್ದವರು ನೀವು. ಯಾವುದಕ್ಕೆ ಸಾಲ ಅಂತ ಬರೆಯದೇ ಬರೀ ಮೊತ್ತ ಬರೆದ ಅರ್ಜಿ ಬಂದರೆ ಪಾಸು ಮಾಡುತ್ತಿದ್ದಿರಾ? ಮುಖಕ್ಕೆ ವಾಪಸ್ ಎಸೆಯುತ್ತಿದ್ದಿರಿ. ನಿಮ್ಮ ಬಡಾವಣೆಯವರು ಮಾಡಿದ್ದೂ ಅಷ್ಟೇ. ಅದನ್ನು ದುರಾಸೆ ಅಂತೀರಿ, ನಾನು ಎಚ್ಚರ ಅಂತೀನಿ.

ನಮ್ಮ ಬೀದಿಯ ಕಥೆ ಹೇಳುತ್ತೇನೆ. ಮೂರು ನಾಲ್ಕು ವರ್ಷದ ಹಿಂದೆ ನಮ್ಮಲ್ಲೂ ಹೀಗೇ ಒಂದು ಅಭಿಪ್ರಾಯ ಸಂಗ್ರಹ ಅಂತ ಹೊರಟರು. ಫಾರಂ ಬೇಡ, ಅಳಗುಳಿ ಮಣೆ ತನ್ನಿ ಅಂದೆ. ನಕ್ಕರು. ನಾನು ಬಿಡಲಿಲ್ಲ. ಭಾನುವಾರ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಆರು ಬಟ್ಟಲು ಇಟ್ಟೆವು. ರಸ್ತೆ, ಚರಂಡಿ, ದೀಪ, ನೀರು, ಕಸ, ಪಾರ್ಕು. ಬಂದವರ ಕೈಗೆಲ್ಲ ಇಪ್ಪತ್ತು ಇಪ್ಪತ್ತು ಹುಣಸೆ ಬೀಜ. ಇಷ್ಟೇ ದುಡ್ಡು ಇರುವುದು, ಹಂಚಿ ಅಂದೆವು. ಮೊದಲು ಎಲ್ಲಾ ತಮಾಷೆ. ಐದು ನಿಮಿಷ ಆದ ಮೇಲೆ ನೋಡಬೇಕಿತ್ತು ನೀವು! ಜನ ಬೀಜ ಹಾಕಿ ವಾಪಸ್ ತೆಗೆದರು, ಎಣಿಸಿದರು, ಗಂಡ ಹೆಂಡತಿ ಅಲ್ಲೇ ಜಗಳ ಆಡಿದರು. ಕಾರು ಇಟ್ಟುಕೊಂಡ ಒಬ್ಬರು ಎಲ್ಲಾ ರಸ್ತೆಗೆ ಹಾಕಿದರೆ, ಅವರ ಮಗಳು ಅಪ್ಪಾ ಮಳೆ ಬಂದರೆ ನೀರು ಎಲ್ಲಿ ಹೋಗುತ್ತೆ ಅಂತ ಅರ್ಧ ತೆಗೆದು ಚರಂಡಿಗೆ ಸುರಿದಳು. ಮೂಲೆ ಮನೆಯ ಒಬ್ಬರು ಅಜ್ಜಿ, ಇಪ್ಪತ್ತೂ ಬೀಜ ದೀಪದ ಬಟ್ಟಲಿಗೆ ಹಾಕಿ ಸುಮ್ನೆ ಕೂತರು. ಯಾಕಜ್ಜಿ ಅಂದರೆ, ತಿರುವಿನಲ್ಲಿ ಕತ್ತಲೆ, ಆರು ಗಂಟೆ ಮೇಲೆ ದೇವಸ್ಥಾನಕ್ಕೆ ಹೋಗಿ ಎಷ್ಟು ತಿಂಗಳಾಯಿತು ಗೊತ್ತಾ ಅಂದರು. ಪಾರ್ಕಿನ ಬಟ್ಟಲಿಗೆ ಬಿದ್ದದ್ದು ಎಲ್ಲಕ್ಕಿಂತ ಕಡಿಮೆ. ಆ ಸಭೆ ನಡೆದಿದ್ದೇ ಪಾರ್ಕಿನಲ್ಲಿ, ಸಾಯಂಕಾಲದ ತಂಪಿನಲ್ಲಿ, ನೆನಪಿರಲಿ. ಎಲ್ಲರಿಗೂ ಎಲ್ಲವೂ ಬೇಕು ಅಂತೀರಲ್ಲ, ಬೀಜ ಎಣಿಸಿ ಕೊಟ್ಟರೆ ಯಾರೂ ಹಾಗೆ ಕೇಳುವುದಿಲ್ಲ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಆಟ ಏನಲ್ಲ. ಬ್ರೆಜಿಲ್ಲಿನ ಪೋರ್ತೋ ಅಲೆಗ್ರೆಯಲ್ಲಿ 1989ರಿಂದ ಬೀದಿ ಬೀದಿಯವರನ್ನು ಕೂರಿಸಿ ನಗರದ ಬಜೆಟ್ಟಿನ ಒಂದು ಪಾಲನ್ನು ಹಂಚಿಸಿದರು. ಬಡವರ ಕೇರಿಗಳಿಗೆ ನೀರು, ಚರಂಡಿ ಮೊದಲು ಹೋಯಿತು. ಅಷ್ಟು ದೂರ ಯಾಕೆ, ಗುಂಡ್ಲುಪೇಟೆ ದಾಟಿದರೆ ಕೇರಳ. ಅಲ್ಲಿ 1996ರಲ್ಲಿ ರಾಜ್ಯದ ಯೋಜನಾ ಹಣದಲ್ಲಿ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟು, ಏನು ಮಾಡಬೇಕು ನೀವೇ ಹೇಳಿ ಅಂದರು. ಎಲ್ಲಾ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟು ದುಡ್ಡಿದೆ ಅಂತ ಮೊದಲು ಹೇಳಿದರು.

ನಿಮ್ಮನ್ನು ಸ್ವಲ್ಪ ಬೈಯಬೇಕು. ಪತ್ರದ ಕೊನೆಯಲ್ಲಿ, ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ಶೇ 5 ರಿಯಾಯಿತಿ ತೆಗೆದುಕೊಂಡೆ, ನನ್ನ ಹಾಗೆ ಎಲ್ಲರೂ ಕಟ್ಟಲಿ ಅಂತ ಬರೆದಿದ್ದೀರಿ. ಶಹಭಾಸ್. ಆ ರಸೀದಿ ಓದಿದ್ದೀರಾ? ನಾನೂ ಎಷ್ಟೋ ವರ್ಷ ಓದಿರಲಿಲ್ಲ, ಮಡಚಿ ಬೀರುವಿಗೆ ಹಾಕುತ್ತಿದ್ದೆ. ಒಂದು ಸಲ ಕ್ಯೂನಲ್ಲಿ ಬೇಜಾರಾಗಿ ಓದಿದೆ. ಆಸ್ತಿ ತೆರಿಗೆ 4000 ಅಂತ ಇಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 600. ಗ್ರಂಥಾಲಯ ಕರ ಶೇ 6, ಅದು 240. ಭಿಕ್ಷುಕರ ಕರ ಶೇ 3, ಅದು 120. ಈ ಮೂರೂ ನಿಮ್ಮ ನಗರಸಭೆ ಇಟ್ಟುಕೊಳ್ಳುವ ದುಡ್ಡಲ್ಲ, ವಸೂಲಿ ಮಾಡಿ ಬೇರೆಯವರಿಗೆ ಕೊಡಬೇಕಾದದ್ದು. ನಿಮ್ಮ ಬೀದಿಯ ಲೆಕ್ಕಕ್ಕೆ ಉಳಿಯುವುದು ಆ 4000. ಇನ್ನು ದೆಹಲಿಯಿಂದ ಬರುವ ದುಡ್ಡು ಇದೆಯಲ್ಲ, 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಿಮ್ಮಂಥ ಊರಿಗೆ ಕೊಡಿಸಿದ ಅನುದಾನದಲ್ಲಿ ಶೇ 60 ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿದ್ದು. ಅದರಲ್ಲಿ ಪಾರ್ಕಿಗೆ ಜೋಕಾಲಿ ತರುವ ಹಾಗಿಲ್ಲ. ಇಷ್ಟನ್ನು ಫಾರಮ್ಮಿನ ಹಿಂದುಗಡೆ ಅಚ್ಚು ಹಾಕಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಹಿಂದುಗಡೆ ಹೇಗೂ ಖಾಲಿ.

ಆ 240 ರೂಪಾಯಿ ನೋಡಿದ ದಿನ ನನಗೆ ಹೊಟ್ಟೆ ಉರಿಯಿತು, ಹೇಳಿಬಿಡುತ್ತೇನೆ, ವಿಷಯ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಆರು ಪೈಸೆ ರೂಪಾಯಿಗೆ. ನಮ್ಮ ಕಡೆಯ ವಾಚನಾಲಯಕ್ಕೆ ಹೋದರೆ ಎರಡು ದಿನಪತ್ರಿಕೆ, ಕಾಲು ಅಲ್ಲಾಡುವ ಒಂದು ಬೆಂಚು, ಬೀಗ ಹಾಕಿದ ಕಪಾಟು. ಬೀಗದ ಕೈ ಯಾರ ಹತ್ತಿರ ಅಂದರೆ ರಜದಲ್ಲಿದ್ದಾರೆ. ಕಪಾಟಿನ ಗಾಜಿನಲ್ಲಿ ಪುಸ್ತಕಗಳ ಬೆನ್ನು ಓದಿಕೊಂಡು ಬಂದೆ. ಕಂದಾಯ ಜಾಸ್ತಿ ಆಯಿತು ಅಂತ ಕೂಗುವವರು ನೂರು ಜನ ಸಿಗುತ್ತಾರೆ, ನನ್ನ 240 ರೂಪಾಯಿಗೆ ಯಾವ ಪುಸ್ತಕ ತಂದಿರಿ ಅಂತ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ಕನ್ನಡ ಪುಸ್ತಕ ಮಾರಾಟ ಆಗಲ್ಲ ಅಂತ ಅಳುವ ಪ್ರಕಾಶಕರೂ ಕೇಳುವುದಿಲ್ಲ. ಪತ್ರಿಕೆ ನಡೆಸುವ ನಾನೂ ಆ ದಿನದವರೆಗೆ ಕೇಳಿರಲಿಲ್ಲ.

ಕೇಳುವುದಾದರೂ ಎಲ್ಲಿ? ಇದು ನಿಮ್ಮ ಕಡೆಯವರ ನಿಜವಾದ ಕಷ್ಟ, ಅದನ್ನು ನೀವು ಬರೆಯಲೇ ಇಲ್ಲ. ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ, ಬೆಳವಾಡಿ, ಇವೆಲ್ಲ ಪಂಚಾಯಿತಿ ಆಗಿದ್ದಾಗ ಗ್ರಾಮಸಭೆ ಅಂತ ಒಂದಿತ್ತು. 1993ರ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ಸೇರಿಸಲೇಬೇಕು. ಜಗಳ ಆಗುತ್ತಿತ್ತು, ಕುರ್ಚಿ ಎತ್ತುತ್ತಿದ್ದರು, ಅರ್ಧ ಜನ ಸಹಿ ಹಾಕಿ ಮನೆಗೆ ಹೋಗುತ್ತಿದ್ದರು. ಆದರೂ ಹಸು ಕಟ್ಟಿ ಬಂದ ಹೆಂಗಸು ಎದ್ದು ನಿಂತು, ಬೋರ್‌ವೆಲ್ ಮೋಟರಿನ ದುಡ್ಡು ಏನಾಯಿತು ಅಂತ ಕೇಳಬಹುದಿತ್ತು. ನಗರಸಭೆ ಆದ ದಿನ ಆ ಗ್ರಾಮಸಭೆ ಹೋಯಿತು. ಅದರ ಬದಲು ವಾರ್ಡ್ ಸಮಿತಿ ಬಂತಾ? ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಜನಕ್ಕೆ ಕಡಿಮೆ ಇಲ್ಲದ ಊರುಗಳಿಗೆ. ನಿಮ್ಮದು ಇತ್ತ ಹಳ್ಳಿಯೂ ಅಲ್ಲ, ಅತ್ತ ಅಷ್ಟು ದೊಡ್ಡ ಪಟ್ಟಣವೂ ಅಲ್ಲ. ನಾವು ಮೈಸೂರು ಪಾಲಿಕೆಯ ಒಳಗಿನವರು ಏನೋ ಮೇಲಿದ್ದೇವೆ ಅಂದುಕೊಳ್ಳಬೇಡಿ. ಇಲ್ಲಿ 65 ವಾರ್ಡಿನ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. ನೀವು ಕೇಳಿದ ಹಾಗೇ, ತಿಳಿದ ಅಧಿಕಾರಿಗಳೇ ತೀರ್ಮಾನ ಮಾಡುವ ಕಾಲ. ತಿರುವಿನ ಗುಂಡಿ ಯಾರಿಗೆ ತೋರಿಸಬೇಕು ಅಂತ ಗೊತ್ತಾಗದೆ ಜನ ಒಬ್ಬರ ಮುಖ ಒಬ್ಬರು ನೋಡಿದ್ದು ಬಿಟ್ಟರೆ ಏನು ಬದಲಾಯಿತು ಹೇಳಿ.

ಇನ್ನೊಂದು ಮಾತು. 2015ರಲ್ಲಿ, ಮತ್ತೆ 2016ರಲ್ಲಿ, ಮೈಸೂರು ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂತು. ಕುಂಬಾರಕೊಪ್ಪಲಿನ ಕಸದ ಘಟಕ ನೋಡಲಿಕ್ಕೆ ಹೊರಗಿನವರು ಬಂದರು. ಆ ಘಟಕ ಓಡುವುದು ಯಂತ್ರದಿಂದಲಾ? ಅಡುಗೆಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಬೇರೆ, ಹಾಲಿನ ಕವರ್ ಬೇರೆ ಇಡುವವರಿಂದ, ಬೆಳಿಗ್ಗೆ ಐದಕ್ಕೇ ಗಾಡಿ ತಳ್ಳುವ ಪೌರಕಾರ್ಮಿಕರಿಂದ. ಅರ್ಧ ಕೆಲಸ ಮನೆಯಲ್ಲೇ ಮಾಡಿಕೊಡುವವರ ಹತ್ತಿರ ಅಭಿಪ್ರಾಯ ಕೇಳಬೇಡಿ ಅಂತೀರಾ? ನಿಮ್ಮ ಮನೆಯಲ್ಲಿ ಹಸಿ ಕಸ ಒಣ ಕಸ ಬೇರೆ ಮಾಡುವವರು ಯಾರು? ಅವರನ್ನೇ ಕೇಳಿ ನೋಡಿ, ಫಾರಮ್ಮಿನಲ್ಲಿ ಇಲ್ಲದ ಹತ್ತು ವಿಷಯ ಹೇಳುತ್ತಾರೆ. ಬಜೆಟ್ಟಿಗೆ ಮುಂಚೆ ಪೂರ್ವಭಾವಿ ಸಭೆ ಅಂತ ಕರೆಯುತ್ತಾರೆ, ನಾನೂ ಒಂದೆರಡು ಸಲ ಹೋಗಿದ್ದೇನೆ. ಕಾಫಿ, ವಡೆ, ಮೈಕು ಎಲ್ಲಾ ಇರುತ್ತದೆ, ಹೋದ ವರ್ಷದ ಖರ್ಚಿನ ಹಾಳೆ ಒಂದು ಇರುವುದಿಲ್ಲ. ಅಷ್ಟೂ ಹೊತ್ತು ಜನ ಬೀದಿನಾಯಿ ಬಗ್ಗೆ ಮಾತಾಡಿ ಬರುತ್ತಾರೆ. ಕೈಯಲ್ಲಿ ಹಾಳೆ ಇಲ್ಲದವರು ಇನ್ನೇನು ಮಾತಾಡಬೇಕು?

ನಿಮಗೆ ಲೆಕ್ಕ ಬರುತ್ತದೆ, ಹೊತ್ತೂ ಇದೆ, ಹುಡುಗರು ನಿಮ್ಮ ಮಾತು ಕೇಳುತ್ತಾರೆ. ನಗರಸಭೆಗೆ ಹೋಗಿ ಬಜೆಟ್ ಪ್ರತಿ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಬಡಾವಣೆಗೆ ಸಂಬಂಧಪಟ್ಟ ನಾಲ್ಕು ಸಾಲನ್ನು ಎತ್ತಿ, ಒಂದೊಂದರ ಎದುರು ರೂಪಾಯಿ ಬರೆದು, ಅದೇ ಫಾರಮ್ಮನ್ನು ಇನ್ನೊಮ್ಮೆ ಹಂಚಿ. ಏನು ಬಂತು ಅಂತ ಬರೆಯಿರಿ, ಅಚ್ಚು ಹಾಕುತ್ತೇನೆ. ಪಕ್ಕದ ಮನೆಯವರಿಗೆ ಒಂದು ಪ್ರತಿ ನನ್ನ ಖರ್ಚಿನಲ್ಲೇ ಕಳಿಸುತ್ತೇನೆ.

ಅಜ್ಜಿಯ ಕಥೆ ಅರ್ಧಕ್ಕೆ ಬಿಟ್ಟೆ ಅಲ್ವಾ. ಹುಣಸೆ ಬೀಜದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ ಕೊಟ್ಟೆವು. ಎಂಟು ತಿಂಗಳಾದ ಮೇಲೆ ತಿರುವಿಗೆ ದೀಪ ಬಂತು. ಮೊನ್ನೆ ಅಜ್ಜಿ ಫೋನ್ ಮಾಡಿದ್ದರು. ದೀಪ ಮಧ್ಯಾಹ್ನವೂ ಉರಿಯುತ್ತಿದೆಯಂತೆ. 'ಇದರ ಬಿಲ್ಲು ನಮ್ಮ ಕಂದಾಯದಲ್ಲೇ ಹೋಗೋದು ತಾನೆ, ಯಾರಿಗೆ ಹೇಳಬೇಕು ಇದನ್ನ?' ಅಂತ ಕೇಳಿದರು.