ಗೌಟ್‌ಗೆ ಯಾವ ಔಷಧವೂ ಒಗ್ಗದಿದ್ದರೆ?

ಪ್ರಶ್ನೆ: ಡಾಕ್ಟರೇ, ನನ್ನ ತಂದೆಗೆ 67 ವರ್ಷ. ಹನ್ನೊಂದು ವರ್ಷಗಳಿಂದ ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಕೀಲು ಊದಿ ನೋಯುವ ಕಾಯಿಲೆ) ಇದೆ. ಈ ವರ್ಷವೇ ನಾಲ್ಕು ಸಲ ಕಾಣಿಸಿಕೊಂಡಿದೆ. ಮೊದಲು ಕಾಲಿನ ಹೆಬ್ಬೆರಳಿಗೆ ಮಾತ್ರ ಬರುತ್ತಿತ್ತು, ಈಗ ಮೊಣಕಾಲೂ ಊದಿಕೊಳ್ಳುತ್ತದೆ. ಹಿಂದೊಮ್ಮೆ ನೋವಿನ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಿತ್ತು. ಉರಿಯೂತ ತಗ್ಗಿಸಲು ಕಾಲ್ಚಿಸಿನ್ ಕೊಟ್ಟಾಗ ಭೇದಿ ನಿಲ್ಲಲಿಲ್ಲ. ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಶುರುಮಾಡಿದ ಮೂರನೆಯ ವಾರ ಜ್ವರ ಬಂದು ಮೈತುಂಬ ದದ್ದು ಎದ್ದಿತು, ನಿಲ್ಲಿಸಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಮೂತ್ರಪಿಂಡದ ಇಜಿಎಫ್‌ಆರ್ (ಅದು ರಕ್ತವನ್ನು ಎಷ್ಟು ಶೋಧಿಸುತ್ತದೆ ಎಂಬ ಅಳತೆ) 36, ಯೂರಿಕ್ ಆಮ್ಲ 9.4. ‘ಇವರಿಗೆ ಯಾವ ಔಷಧವೂ ಆಗುವುದಿಲ್ಲ, ಪಥ್ಯ ಮಾಡಿಸಿ’ ಎಂದು ಹೇಳಿ ಕಳಿಸಿದ್ದಾರೆ. ರಾತ್ರಿ ಹೊದಿಕೆ ತಾಗಿದರೂ ಅಪ್ಪ ಚೀರುತ್ತಾರೆ. ನಿಜವಾಗಿಯೂ ಬೇರೆ ದಾರಿ ಇಲ್ಲವೇ?

ಉತ್ತರ: ದಾರಿ ಇದೆ. ‘ಯಾವ ಔಷಧವೂ ಆಗುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ತಂದೆಗೆ ಒಗ್ಗದಿರುವುದು ಮೂರು ಔಷಧಗಳು, ಅದೂ ಮೂರು ಬೇರೆ ಬೇರೆ ಕಾರಣಗಳಿಗೆ. ಆ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಗೌಟ್‌ನಲ್ಲಿ ಮಾಡಬೇಕಾದ ಕೆಲಸ ಎರಡು. ಹೊತ್ತಿಕೊಂಡ ಉರಿಯೂತವನ್ನು ಆರಿಸುವುದು ಒಂದು. ಕೀಲಿನೊಳಗೆ ವರ್ಷಗಟ್ಟಲೆ ಕೂಡಿಕೊಂಡ, ಯೂರಿಕ್ ಆಮ್ಲದಿಂದಾದ ಯೂರೇಟ್ ಹರಳುಗಳನ್ನು ಕರಗಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೊಡುವ ಔಷಧ ಎರಡನೆಯ ಕೆಲಸ ಮಾಡುವುದಿಲ್ಲ.

ಉರಿಯೂತದ ಮಾತು ಮೊದಲು. ಹುಣ್ಣಿನಿಂದ ರಕ್ತಸ್ರಾವವಾದವರಿಗೆ, ಅದರಲ್ಲೂ ಮೂತ್ರಪಿಂಡ ಸೋತವರಿಗೆ ನ್ಯಾಪ್ರೊಕ್ಸೆನ್, ಇಂಡೋಮೆಥಸಿನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಬೇಡವೇ ಬೇಡ. ನೋವು ತಾಳಲಾರದೆ ಅಂಗಡಿಯಿಂದ ತಂದು ಒಂದೇ ಒಂದು ನುಂಗುವುದೂ ಬೇಡ. ಅವುಗಳ ಜಾಗದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಇದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 35 ಮಿಲಿಗ್ರಾಂನಂತೆ ಐದು ದಿನ ಕೊಟ್ಟ ಪ್ರೆಡ್ನಿಸೊಲೋನ್, ನ್ಯಾಪ್ರೊಕ್ಸೆನ್‌ನಷ್ಟೇ ನೋವು ಇಳಿಸಿತು. ಸ್ಟಿರಾಯ್ಡ್ ಎಂದೊಡನೆ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಗಾಬರಿಯಾಗುತ್ತದೆ. ಸಕ್ಕರೆ ಏರುವುದು ನಿಜ. ಆದರೆ ಅದು ಕೆಲವೇ ದಿನಗಳ ಏರಿಕೆ. ದಿನಕ್ಕೆ ಎರಡು ಮೂರು ಸಲ ಪರೀಕ್ಷಿಸಿ, ಸಕ್ಕರೆಯ ಔಷಧವನ್ನು ವೈದ್ಯರು ಹೊಂದಿಸಿದರೆ ಸಂಭಾಳಿಸಬಹುದು. ಹಳೆಯ ಹುಣ್ಣು ಇರುವುದರಿಂದ ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆಯೂ ಬೇಕಾಗುತ್ತದೆ.

ಮೊಣಕಾಲು ಒಂದೇ ಊದಿದ್ದರೆ ಅದಕ್ಕಿಂತ ಒಳ್ಳೆಯ ಉಪಾಯವಿದೆ. ಕೀಲಿನ ನೀರು ತೆಗೆದು, ಅಲ್ಲಿಗೇ ಸ್ಟಿರಾಯ್ಡ್ ಚುಚ್ಚುವುದು. ತೆಗೆದ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳು ಕಾಣುತ್ತದೆ, ಸೋಂಕು ಇದೆಯೇ ಎಂಬುದೂ ತಿಳಿಯುತ್ತದೆ. ಸೋಂಕಿಲ್ಲ ಎಂದು ಖಚಿತವಾಗದೆ ಚುಚ್ಚಬಾರದು. ಕೀಲು ಊದಿ ಚಳಿಜ್ವರವೂ ಬಂದರೆ ‘ಇದು ಹಳೆಯ ಗೌಟೇ’ ಎಂದು ಮನೆಯಲ್ಲಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಕಾಲ್ಚಿಸಿನ್. ಎಷ್ಟು ಕೊಟ್ಟಿದ್ದರು ಎಂದು ನೀವು ಬರೆದಿಲ್ಲ. ನಾನು ಕಲಿತ ಕಾಲದಲ್ಲಿ ‘ನೋವು ನಿಲ್ಲಬೇಕು ಇಲ್ಲವೇ ಭೇದಿ ಆಗಬೇಕು, ಅಲ್ಲಿಯವರೆಗೆ ಗಂಟೆಗೊಂದು ಮಾತ್ರೆ’ ಎಂಬುದೇ ಪಾಠ. ನಾನೂ ಹಾಗೆಯೇ ಬರೆದುಕೊಟ್ಟಿದ್ದೇನೆ. ಆ ರೋಗಿಗಳು ಪಟ್ಟ ಪಾಡು ನೆನೆದರೆ ಇಂದಿಗೂ ಸಂಕಟವಾಗುತ್ತದೆ. 2010ರ ಒಂದು ಅಧ್ಯಯನ ಆ ಪಾಠವನ್ನು ಅಳಿಸಿತು. ಆರು ಗಂಟೆಗಳಲ್ಲಿ 4.8 ಮಿಲಿಗ್ರಾಂ ನುಂಗಿದವರಿಗೆ ಸಿಕ್ಕಷ್ಟೇ ಗುಣ ಒಂದು ಗಂಟೆಯಲ್ಲಿ ಒಟ್ಟು 1.8 ಮಿಲಿಗ್ರಾಂ ತೆಗೆದುಕೊಂಡವರಿಗೂ ಸಿಕ್ಕಿತು, ಭೇದಿ ಬಹಳ ಕಡಿಮೆ ಇತ್ತು. ಆದ್ದರಿಂದ ನಿಮ್ಮ ತಂದೆಗೆ ಒಗ್ಗದ್ದು ಕಾಲ್ಚಿಸಿನ್ನೋ ಅದರ ಪ್ರಮಾಣವೋ ಎಂಬುದನ್ನು ಹಳೆಯ ಚೀಟಿ ನೋಡಿ ತಿಳಿಯಿರಿ. ಮೂತ್ರಪಿಂಡದ ಸ್ಥಿತಿ ನೋಡಿದರೆ ಇನ್ನೂ ಎಚ್ಚರ ಬೇಕು. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್, ರಕ್ತದೊತ್ತಡ ಮತ್ತು ಹೃದಯಕ್ಕೆ ಕೊಡುವ ವೆರಾಪಮಿಲ್, ಡಿಲ್ಟಿಯಾಜೆಮ್ ಜೊತೆ ಇದು ವಿಷವಾಗಬಹುದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಸ್ನಾಯುಗಳಿಗೆ ಹಾನಿಯಾಗಬಹುದು.

ಇವೆಲ್ಲವೂ ಆಗದವರಿಗೆ ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ಸಂದೇಶವನ್ನೇ ತಡೆಯುವ ಚುಚ್ಚುಮದ್ದುಗಳಿವೆ: ಅನಾಕಿನ್ರಾ, ಕ್ಯಾನಾಕಿನುಮ್ಯಾಬ್. ದುಬಾರಿ, ಸೋಂಕಿದ್ದಾಗ ಕೊಡುವಂತಿಲ್ಲ, ತಜ್ಞರ ಕೈಯಲ್ಲೇ ಆಗಬೇಕು.

ಇಂದು ರಾತ್ರಿಗೆ ಇಷ್ಟು ಮಾಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಹತ್ತು ಹದಿನೈದು ನಿಮಿಷ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಮಾತ್ರ ಇದು ಬೇಡ. ಮಂಚದ ಮೇಲೆ ಕಾಲು ಚಾಚುವ ತುದಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ತಳ ಕತ್ತರಿಸಿ ನಿಲ್ಲಿಸಿ, ಪಾದ ಅದರೊಳಗಿರಲಿ, ಹೊದಿಕೆ ಮೇಲಿರಲಿ. ನನ್ನ ರೋಗಿಯೊಬ್ಬರ ಹೆಂಡತಿ ಕಲಿಸಿದ ಉಪಾಯವಿದು, ಅನೇಕರಿಗೆ ನಿದ್ದೆ ಕೊಟ್ಟಿದೆ.

ಈಗ ಹರಳಿನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಯೂರಿಕ್ ಆಮ್ಲದ ಆ 9.4. ರಕ್ತ ಕರಗಿಸಿ ಇಟ್ಟುಕೊಳ್ಳಬಲ್ಲದ್ದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿದ್ದರೆ ಹರಳು ಕಟ್ಟುತ್ತದೆ, 6ರ ಕೆಳಗೆ ಸದಾ ಇಟ್ಟರೆ ನಿಧಾನವಾಗಿ ಕರಗುತ್ತದೆ. ಪಥ್ಯದಿಂದ ಇಳಿಯುವುದು ಹೆಚ್ಚೆಂದರೆ ಸುಮಾರು 1. ಬಿಯರ್, ಸಿಹಿ ಪಾನೀಯ, ಯಕೃತ್ತಿನಂಥ ಮಾಂಸ ಬಿಡುವುದು ಒಳ್ಳೆಯದೇ. ಆದರೆ 9.4ನ್ನು ಪಥ್ಯವೊಂದೇ 6ಕ್ಕೆ ತರಲಾರದು. ಬಹುಪಾಲು ರೋಗಿಗಳಲ್ಲಿ ಮೂಲ ಕಾರಣ ಮೂತ್ರಪಿಂಡ ಸಾಕಷ್ಟು ಹೊರಹಾಕದಿರುವುದು. ದಯವಿಟ್ಟು ತಂದೆಯ ತಟ್ಟೆ ನೋಡಿ ಅವರನ್ನು ಗದರಬೇಡಿ.

ಅಲೋಪ್ಯೂರಿನಾಲ್ ಮತ್ತೆ ಕೊಡಬಾರದು. ಜ್ವರದೊಂದಿಗೆ ಬಂದ ದದ್ದು ಪ್ರಾಣಕ್ಕೇ ಅಪಾಯ ತರಬಲ್ಲ ಅಲರ್ಜಿಯ ಸೂಚನೆ. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಅವರ ಜೇಬಿನಲ್ಲಿಡಿ. ಅಲೋಪ್ಯೂರಿನಾಲ್‌ನಂತೆಯೇ ಯೂರಿಕ್ ಆಮ್ಲ ತಯಾರಿಸುವ ಕಿಣ್ವವನ್ನು ತಡೆಯುವ, ಆದರೆ ರಚನೆಯಲ್ಲಿ ಬೇರೆಯಾದ ಫೆಬುಕ್ಸೊಸ್ಟಾಟ್ ಇದೆ. ಇಜಿಎಫ್‌ಆರ್ 36 ಇದ್ದವರಿಗೂ ಕೊಡಬಹುದು. 40 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ಚರ್ಮ ಮತ್ತು ಯಕೃತ್ತಿನ ಮೇಲೆ ಕಣ್ಣಿಡಬೇಕು. 2018ರ ಒಂದು ಅಧ್ಯಯನ ಹೃದ್ರೋಗಿಗಳಲ್ಲಿ ಇದರಿಂದ ಸಾವು ಹೆಚ್ಚಬಹುದೆಂದಿತು, 2020ರ ಇನ್ನೊಂದರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ತಂದೆಗೆ ಹೃದಯದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮೂತ್ರದಲ್ಲಿ ಯೂರಿಕ್ ಆಮ್ಲ ಹರಿಸುವ ಪ್ರೊಬೆನೆಸಿಡ್ ಈ ಮೂತ್ರಪಿಂಡದಲ್ಲಿ ಅಷ್ಟಾಗಿ ಕೆಲಸ ಮಾಡದು. ಬೆಂಜ್‌ಬ್ರೊಮರೋನ್ ಯಕೃತ್ತಿಗೆ ತೊಡಕು ತಂದದ್ದರಿಂದ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಏನೂ ಫಲಿಸದೆ ಹರಳಿನ ಗಂಟುಗಳೇ ಕಟ್ಟಿದ್ದರೆ ಪೆಗ್ಲೊಟಿಕೇಸ್ ಎಂಬ ಕಿಣ್ವವನ್ನು ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹರಿಸುತ್ತಾರೆ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇಲ್ಲವೆಂದು ಮೊದಲು ಪರೀಕ್ಷಿಸಲೇಬೇಕು.

ರಕ್ತದೊತ್ತಡಕ್ಕೆ ಏನು ತೆಗೆದುಕೊಳ್ಳುತ್ತಿದ್ದಾರೆ? ಥಯಾಜೈಡ್ ಮಾದರಿಯ ಮೂತ್ರವರ್ಧಕವಾಗಿದ್ದರೆ ಅದೇ ಯೂರಿಕ್ ಆಮ್ಲ ಏರಿಸುತ್ತಿರಬಹುದು, ಲೊಸಾರ್ಟನ್ ಸ್ವಲ್ಪ ಇಳಿಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಕೂಡ ಇಳಿಸುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಬದಲಾಯಿಸಬಹುದೇ ಎಂದು ಕೇಳಿ.

ಹರಳು ಕರಗಲು ತೊಡಗಿದ ಮೊದಲ ತಿಂಗಳುಗಳಲ್ಲಿ ನೋವು ಮತ್ತೆ ಮತ್ತೆ ಬರಬಹುದು. ಅನೇಕರು ‘ಈ ಮಾತ್ರೆಯೂ ಆಗಲಿಲ್ಲ’ ಎಂದು ಬಿಟ್ಟುಬಿಡುವುದು ಇಲ್ಲಿಯೇ. ಅದಕ್ಕಾಗಿ ಮೂರರಿಂದ ಆರು ತಿಂಗಳು ಕಾಲ್ಚಿಸಿನ್ ಅಥವಾ ಪ್ರೆಡ್ನಿಸೊಲೋನ್ ಅನ್ನು ತೀರ ಸಣ್ಣ ಪ್ರಮಾಣದಲ್ಲಿ ಕಾವಲಿಗೆ ಕೊಡುತ್ತಾರೆ. ಎರಡರಲ್ಲಿ ಯಾವುದು ನಿಮ್ಮ ತಂದೆಗೆ ಹೊಂದುತ್ತದೆ ಎಂಬುದನ್ನು ಔಷಧ ಶುರುವಾಗುವ ದಿನವೇ ಕೇಳಿ ಬರೆಸಿಕೊಳ್ಳಿ. ಸಂಧಿವಾತ ತಜ್ಞರನ್ನು ಕಾಣಲು ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ, ದದ್ದಿನ ಫೋಟೊ ಇದ್ದರೆ ಅದು, ಕಳೆದ ಒಂದು ವರ್ಷದ ರಕ್ತಪರೀಕ್ಷೆಗಳು ಕೈಯಲ್ಲಿರಲಿ.